ಇಇಜಿಲಿ ಫಿಟ್ಸ್ ಹುಡುಕೋ ಪ್ರಾಜೆಕ್ಟು: ಒಂದ್ ಕಡೆ 99%, ಇನ್ನೊಂದ್ ಕಡೆ ಪಲ್ಟಿ. ಯಾವ್ದನ್ನ ನಂಬೋದು?

ಬೆಣ್ಣೆದೋಸೆ_ಡೇಟಾ:

ಎಲ್ರಿಗೂ ನಮಸ್ಕಾರ. ನಾನು ಇಸಿ ಫೈನಲ್ ಇಯರ್, ದಾವಣಗೆರೆ. ತಲೆ ಮೇಲೆ ಎಲೆಕ್ಟ್ರೋಡ್ ಅಂಟಿಸಿ ತಗೊಳ್ಳೋ ಇಇಜಿಲಿ (ಮಿದುಳಿನ ವಿದ್ಯುತ್ ಸಿಗ್ನಲ್ಲಿನ ರೆಕಾರ್ಡಿಂಗು) ಫಿಟ್ಸ್ ಎಲ್ಲಿ ಶುರುವಾಯ್ತು ಎಲ್ಲಿ ಮುಗೀತು ಅಂತ ಕಂಪ್ಯೂಟರೇ ಹೇಳ್ಬೇಕು, ಇದು ನಮ್ ಪ್ರಾಜೆಕ್ಟು. ಮೊದ್ಲು ಎಲ್ರೂ ಮಾಡೋ ಹಾಗೆ ಜರ್ಮನಿಯ ಬಾನ್ ಯೂನಿವರ್ಸಿಟಿ ಡೇಟಾ ಎತ್ಕೊಂಡು ರ‍್ಯಾಂಡಮ್ ಫಾರೆಸ್ಟ್ (ಒಂಥರ ಮಶೀನ್ ಲರ್ನಿಂಗ್ ಮಾಡೆಲ್ಲು) ಹಾಕಿದ್ವಿ, ಏನೂ ಕಷ್ಟಪಡದೆ ಆಕ್ಯುರಸಿ, ಅಂದ್ರೆ ನೂರಕ್ಕೆ ಎಷ್ಟು ಸರಿ ಅನ್ನೋದು, 99 ಬಂತು, ಗೈಡ್ ಫುಲ್ ಖುಷ್. ಆಮೇಲೆ ವೈವಾದಲ್ಲಿ ಕೇಳಿದ್ರೆ ಇರ್ಲಿ ಅಂತ ಬಾಸ್ಟನ್ ಮಕ್ಕಳ ಆಸ್ಪತ್ರೆದು, ಫಿಸಿಯೋನೆಟ್ ಅನ್ನೋ ಸೈಟ್‌ಲಿ ಸಿಗತ್ತಲ್ಲ ಸಿಎಚ್‌ಬಿ-ಎಂಐಟಿ ಅಂತ, ಅದನ್ನೂ ಇಳಿಸ್ಕೊಂಡ್ವಿ (40 ಜಿಬಿ ಮೇಲಿದೆ, ಹಾಸ್ಟೆಲ್ ವೈಫೈ ಕಥೆ ಕೇಳ್ಬೇಡಿ). 4 ಸೆಕೆಂಡಿನ ವಿಂಡೋ (ಅಂದ್ರೆ ತುಂಡು), ಅರ್ಧ ಓವರ್‌ಲ್ಯಾಪು, ಫಿಟ್ಸ್ ಇರೋದು ಇಲ್ಲದ್ದು ಸಮ ಸಮ ತಗೊಂಡು ಶಫಲ್ ಮಾಡಿ 80-20 (80 ಟ್ರೇನಿಂಗ್‌ಗೆ, 20 ಟೆಸ್ಟಿಗೆ) ಒಡೆದು ಸಣ್ಣ ಸಿಎನ್‌ಎನ್ (ಒಂಥರ ನ್ಯೂರಲ್ ನೆಟ್‌ವರ್ಕ್) ಓಡ್ಸಿದ್ರೆ ಅದ್ರಲ್ಲೂ 98 ದಾಟ್ತು.

ಇಲ್ಲಿಂದ ತಲೆನೋವು ಶುರು. ಪ್ರಾಜೆಕ್ಟ್ ಪಾರ್ಟ್‌ನರ್ ಸುಮ್ನಿರ್ಲಾರ್ದೆ ಒಬ್ಬ ಪೇಷಂಟ್‌ನ ಪೂರ್ತಿ ಹೊರಗಿಟ್ಟು ಉಳಿದವ್ರ ಮೇಲೆ ಟ್ರೇನ್ ಮಾಡಿ ಆ ಒಬ್ಬರ ಮೇಲೆ ಟೆಸ್ಟ್ ಮಾಡಿ ನೋಡಿದ್ಲು. ಕೆಲವ್ರಲ್ಲಿ ಚೆನ್ನಾಗೇ ಹಿಡಿಯುತ್ತೆ. ಕೆಲವ್ರಲ್ಲಿ ಅರ್ಧಕ್ಕರ್ಧ ಫಿಟ್ಸ್ ಕಾಣಿಸ್ಲೇ ಇಲ್ಲ ಅನ್ನುತ್ತೆ, ಇನ್ ಕೆಲವ್ರಲ್ಲಿ ರಾತ್ರಿಯಿಡೀ ಫಿಟ್ಸ್ ಫಿಟ್ಸ್ ಅಂತ ಅಲಾರಂ ಹೊಡ್ಕೊಳ್ಳುತ್ತೆ. ಮಾಡೆಲ್ ಅದೇ, ಕೋಡ್ ಅದೇ. ಗೈಡು "99 ಬಂದಿರೋದನ್ನೇ ಹಾಕ್ರಪ್ಪ, ಪೇಪರ್‌ಗಳಲ್ಲೆಲ್ಲ ಅಷ್ಟೇ ಇರೋದು" ಅಂತಾರೆ, ಅವ್ರು ಹೇಳೋದೂ ಸುಳ್ಳಲ್ಲ, ನಾವು ನೋಡಿದ ಪೇಪರ್‌ಗಳಲ್ಲಿ 99ಕ್ಕಿಂತ ಕಮ್ಮಿ ಇರೋದೇ ಅಪರೂಪ. ಹಾಗಿದ್ರೆ ಯಾವ ನಂಬರ್ ನಿಜ? ಮಾಡೆಲ್ ದೊಡ್ಡದು ಮಾಡಿದ್ರೆ ಸರಿ ಹೋಗತ್ತಾ ಅಥ್ವಾ ಡೇಟಾದಲ್ಲೇ ಏನಾದ್ರೂ ಇದ್ಯಾ? ಗೊತ್ತಿರೋರು ಸ್ವಲ್ಪ ಬಿಡ್ಸಿ ಹೇಳಿ.

—

ಫೋರಿಯರ್_ಗೌಡ:

ಗುರು, ನಿನ್ ಪಾರ್ಟ್‌ನರ್‌ಗೆ ಒಂದು ಕಾಫಿ ಕೊಡ್ಸು, ಆ ಹುಡುಗಿ ಮಾಡಿದ್ದೇ ಸರಿಯಾದ ಟೆಸ್ಟು.

ಮೊದ್ಲು ಬಾನ್ ಡೇಟಾ ಬಗ್ಗೆ. 2001ರಲ್ಲಿ ಬಂದಿದ್ದು, ಎ ಇಂದ ಇ ವರೆಗೆ ಐದು ಸೆಟ್ಟು, ಒಂದೊಂದ್ರಲ್ಲಿ 100 ತುಂಡು, ಒಂದೊಂದು ತುಂಡು 23.6 ಸೆಕೆಂಡು. ಎ ಮತ್ತೆ ಬಿ ಆರೋಗ್ಯವಾಗಿರೋ ವಾಲಂಟಿಯರ್‌ಗಳ ತಲೆ ಮೇಲಿಂದ ತಗೊಂಡಿದ್ದು. ಸಿ, ಡಿ, ಇ ಮೂರೂ ಆಪರೇಶನ್‌ಗೆ ಮುಂಚೆ ಪೇಷಂಟ್‌ಗಳ ತಲೆಬುರುಡೆ ಒಳಗೆ ಇಟ್ಟಿದ್ದ ಎಲೆಕ್ಟ್ರೋಡಿಂದ ಬಂದಿದ್ದು. ಅಂದ್ರೆ ನೀನು ಎ ವರ್ಸಸ್ ಇ ಮಾಡಿ 99 ತಗೊಂಡಿದ್ರೆ, ನಿನ್ ಮಾಡೆಲ್ ಕಲ್ತಿರೋದು ಫಿಟ್ಸ್ ಇದ್ಯೋ ಇಲ್ವೋ ಅಂತಾನಾ ಇಲ್ಲ ಎಲೆಕ್ಟ್ರೋಡ್ ಮೂಳೆ ಹೊರಗಿದ್ಯೋ ಒಳಗಿದ್ಯೋ ಅಂತಾನಾ, ಆ ನಂಬರ್ ನೋಡಿ ಹೇಳೋಕಾಗಲ್ಲ. ಒಳಗಿನ ಸಿಗ್ನಲ್ಲು ಎತ್ತರದಲ್ಲೇ ಎಷ್ಟೋ ಪಟ್ಟು ದೊಡ್ಡದು, ಬರೀ ವೇರಿಯನ್ಸ್ (ಸಿಗ್ನಲ್ಲು ಎಷ್ಟು ಏರಿಳಿಯುತ್ತೆ ಅನ್ನೋದು) ತೆಗೆದು ಒಂದು ಗೆರೆ ಎಳೆದ್ರೂ ಮುಕ್ಕಾಲು ಪಾಲು ಕೆಲ್ಸ ಮುಗೀತು. ಅದೂ ಅಲ್ದೆ ಆ ತುಂಡುಗಳನ್ನ ಕಣ್ಣಲ್ಲಿ ನೋಡಿ ಆರಿಸಿದ್ದಾರೆ, ಕಣ್ಣು ಮಿಟುಕಿಸಿದ್ದು ಹಲ್ಲು ಕಡ್ದಿದ್ದು ಇರೋದನ್ನೆಲ್ಲ ಬಿಟ್ಟು. ಅದ್ರ ಮೇಲೆ ಒಂದೇ ಒಂದು ಚಾನೆಲ್ಲು, ಅಂದ್ರೆ ಒಂದೇ ಗೆರೆ. ಡೇಟಾ ಮಾಡಿದವ್ರ ತಪ್ಪೇನಿಲ್ಲ ಇದ್ರಲ್ಲಿ, ಅವ್ರಿಗೆ ಬೇಕಾಗಿದ್ದು ಸಿಗ್ನಲ್ಲಿನ ನಾನ್‌ಲೀನಿಯರ್ ಗುಣ ಹೋಲಿಸಿ ನೋಡೋದು, ಫಿಟ್ಸ್ ಡಿಟೆಕ್ಟರ್ ಪರೀಕ್ಷೆ ಮಾಡೋಕೆ ಅಂತ ಕೊಟ್ಟಿದ್ದಲ್ಲ. ಆಮೇಲೆ ಬಂದವ್ರು ಹಾಗೆ ಬಳಸ್ಕೊಂಡ್ರು.

ಅದೇ ಡೇಟಾದ ಸಿಎಸ್‌ವಿ ಒಂದು ನೆಟ್‌ಲಿ ಓಡಾಡುತ್ತೆ, 11,500 ಸಾಲು, 178 ಕಾಲಂ, ನೀವು ತಗೊಂಡಿದ್ದು ಅದೇ ಇರ್ಬೋದು. ಅದ್ರಲ್ಲಿ ಒಂದೊಂದು 23.6 ಸೆಕೆಂಡಿನ ತುಂಡನ್ನ ಮತ್ತೆ 23 ಚೂರು ಮಾಡಿ ಕಲಸಿ ಇಟ್ಟಿದ್ದಾರೆ. ನೀನು ಅದನ್ನ ಶಫಲ್ ಮಾಡಿ 80-20 ಒಡೆದ್ರೆ ಒಂದು ಚೂರು ಟ್ರೇನಿಂಗ್‌ಗೆ ಹೋಗುತ್ತೆ, ಅದರ ಪಕ್ಕದ ಸೆಕೆಂಡಿನ ಚೂರು ಟೆಸ್ಟಿಗೆ ಬರುತ್ತೆ. ಪ್ರಶ್ನೆ ಪತ್ರಿಕೆ ಹಿಂದಿನ ರಾತ್ರಿ ವಾಟ್ಸಾಪ್‌ಲಿ ಬಂದಂಗೆ. ನಿನ್ ಸಿಎಚ್‌ಬಿ ಪ್ರಯೋಗದಲ್ಲೂ ಆಗಿರೋದು ಅದೇ, ಅರ್ಧ ಓವರ್‌ಲ್ಯಾಪ್ ಇಟ್ಟು ಶಫಲ್ ಮಾಡಿದ್ರೆ ಎರಡು ಸೆಕೆಂಡು ಅಕ್ಷರಶಃ ಅದೇ ಸ್ಯಾಂಪಲ್ಲು ಎರಡೂ ಕಡೆ ಇರುತ್ತೆ.

ಇನ್ನು ಆಕ್ಯುರಸಿ. ಸಿಎಚ್‌ಬಿ ರೆಕಾರ್ಡಿಂಗ್ ಒಟ್ಟು ಗಂಟೆಗಳಲ್ಲಿ ಫಿಟ್ಸ್ ಇರೋದು ಶೇ. 1ಕ್ಕಿಂತ ಕಮ್ಮಿ. ಏನೂ ನೋಡ್ದೆ "ಇಲ್ಲ ಇಲ್ಲ ಇಲ್ಲ" ಅಂತ ಹೇಳ್ಕೊಂಡು ಕೂತ್ರೂ 99 ಮೇಲೆ ಬರುತ್ತೆ. ನೀವು ಸಮ ಸಮ ತಗೊಂಡ್ವಿ ಅಂದ್ರಲ್ಲ, ಅಲ್ಲಿ ಇನ್ನೊಂದು ಥರ ಮೋಸ ಆಗುತ್ತೆ. 4 ಸೆಕೆಂಡ್ ವಿಂಡೋ ಅಂದ್ರೆ ಓವರ್‌ಲ್ಯಾಪ್ ಇಲ್ದೇನೂ ದಿನಕ್ಕೆ 21,600 ವಿಂಡೋ. ನೂರಕ್ಕೆ ಒಂದು ತಪ್ಪು ಅಂದ್ರೆ ಪೇಪರ್‌ಲಿ ಚೆಂದ ಕಾಣುತ್ತೆ, ವಾರ್ಡ್‌ಲಿ ಅದು ದಿನಕ್ಕೆ 216 ಸುಳ್ಳು ಅಲಾರಂ. ಎರಡನೇ ದಿನ ನರ್ಸು ಮಿಷಿನ್ ವೈರ್ ಕಿತ್ತು ಬಿಸಾಕ್ತಾರೆ.

ಸರಿಯಾಗಿ ಹೇಗೆ ಹೇಳೋದು ಅಂತ ನೋಡ್ಬೇಕು ಅಂದ್ರೆ ಆ ಡೇಟಾ ಹಿಂದೆ ಇರೋ ಎಂಐಟಿಯ ಅಲಿ ಶೋಬ್ ಕೆಲ್ಸ ನೋಡು. 2010ರಲ್ಲಿ ಶೋಬ್ ಮತ್ತು ಗುಟಾಗ್ ಬರೆದಿದ್ದು: 24 ಪೇಷಂಟು, 916 ಗಂಟೆ ಬಿಡದೆ ಓಡೋ ಇಇಜಿ, ಟೆಸ್ಟಿಗಿಟ್ಟ 173 ಫಿಟ್ಸ್‌ಲಿ ಶೇ. 96 ಹಿಡಿದ್ರು, ಶುರುವಾದ ಮೇಲೆ ಪತ್ತೆ ಹಚ್ಚೋಕೆ ಮೀಡಿಯನ್ (ಸಾಲಲ್ಲಿಟ್ರೆ ನಡುವೆ ಬರೋ ನಂಬರು) 3 ಸೆಕೆಂಡು, 24 ಗಂಟೆಗೆ ಮೀಡಿಯನ್ 2 ಸುಳ್ಳು ಅಲಾರಂ. ಆಕ್ಯುರಸಿ ಅನ್ನೋ ಮಾತೇ ಇಲ್ಲ ನೋಡು. ಆದ್ರೆ ಇದು ಆಯಾ ಪೇಷಂಟ್‌ಗೇ ಅಂತ ಮಾಡಿದ ಮಾಡೆಲ್ಲು, ಆ ಮಗುವಿನದೇ ಎರಡೋ ಅದಕ್ಕಿಂತ ಹೆಚ್ಚೋ ಫಿಟ್ಸ್ ಮೊದ್ಲು ತೋರ್ಸಿ, ಉಳಿದದ್ದನ್ನ ಹಿಡಿ ಅನ್ನೋದು. ಅದೂ 2 ಸೆಕೆಂಡ್ ವಿಂಡೋ, 0.5 ಇಂದ 25 ಹರ್ಟ್ಝ್ ವರೆಗೆ ಎಂಟು ಫಿಲ್ಟರು, ಮೂರು ವಿಂಡೋ ಜೋಡಿಸಿ ಎರಡು ಗುಂಪಿನ ನಡುವೆ ಗೆರೆ ಎಳೆಯೋ ಒಂದು ಎಸ್‌ವಿಎಂ, ಅಷ್ಟೇ. ಡೀಪ್ ಲರ್ನಿಂಗ್ ಇಲ್ಲ ಏನಿಲ್ಲ. ಕಾಣದ ಪೇಷಂಟ್ ಮೇಲೆ ಮಾಡೋದು ಬೇರೆಯದೇ ಪರೀಕ್ಷೆ, ತುಂಬಾ ಕಷ್ಟದ್ದು, ಯಾಕಂದ್ರೆ ಒಬ್ಬರ ಫಿಟ್ಸ್ ಇನ್ನೊಬ್ಬರ ಫಿಟ್ಸ್ ಥರ ಇರಲ್ಲ, ಎಷ್ಟೋ ಸಲ ಒಬ್ಬರ ಫಿಟ್ಸು ಇನ್ನೊಬ್ಬರ ನಿದ್ದೆ ಥರ ಇರುತ್ತೆ. ಶೋಬ್ ನಂಬರು, ನಿನ್ ಪಾರ್ಟ್‌ನರ್ ನಂಬರು ಜಗಳ ಆಡ್ತಿಲ್ಲ, ಎರಡು ಬೇರೆ ಪ್ರಶ್ನೆಗೆ ಎರಡು ಉತ್ರ. 98 ಅನ್ನೋದು ಮಾತ್ರ ಯಾವ ಪ್ರಶ್ನೆಗೂ ಉತ್ರ ಅಲ್ಲ.

ಮರೆತಿದ್ದೆ, ಸಿಎಚ್‌ಬಿ 1 ಮತ್ತು 21ನೇ ಪೇಷಂಟ್ ಇಬ್ಬರಲ್ಲ, ಒಂದೇ ಹುಡುಗಿ, ಒಂದೂವರೆ ವರ್ಷ ಬಿಟ್ಟು ಮತ್ತೆ ತಗೊಂಡಿದ್ದು. ಒಂದನ್ನ ಹೊರಗಿಟ್ರೆ ಇನ್ನೊಂದನ್ನೂ ಹೊರಗಿಡು.

—

ಮಾಂಟಾಜ್_ಅಕ್ಕ:

ನಾ ಹುಬ್ಬಳ್ಳಿ ಕಡೆ ಇಇಜಿ ಟೆಕ್ನಿಷಿಯನ್ ಅದೀನಿ, ಕೋಡಿಂಗ್ ಗೀಡಿಂಗ್ ನನಗ ತಿಳ್ಯಂಗಿಲ್ಲ, ಆದ್ರ ರಾತ್ರಿಯಿಡೀ ಅಲಾರಂ ಹೊಡಿತೈತಿ ಅಂದ್ಯಲ್ಲ ತಮ್ಮಾ, ಅದು ಯಾಕ ಅಂತ ನಾ ಹೇಳ್ತೀನಿ ಕೇಳು.

ನಮ್ಮ ರೂಮಿಗೆ ಪೇಷಂಟ್ ಬಂದ ಕೂಡ್ಲೆ ಮೊದಲನೇ ಜಗಳಾನ ಎಣ್ಣಿದು. ತಲಿ ತೊಳ್ಕೊಂಡು ಬರ್ರಿ, ಎಣ್ಣಿ ಹಚ್ಚಬ್ಯಾಡ್ರಿ ಅಂತ ಚೀಟಿ ಮ್ಯಾಲೆ ಬರದು ಕೊಟ್ಟಿರ್ತೀವಿ, ಆದ್ರೂ ಆಸ್ಪತ್ರಿಗೆ ಹೊಂಟೀವಿ ಅಂತ ಅವ್ವಂದಿರು ಮಕ್ಕಳಿಗೆ ಚಂದಂಗ ಕೊಬ್ಬರಿ ಎಣ್ಣಿ ಹಚ್ಚಿ ಬಾಚಿ ಕರ್ಕೊಂಡು ಬರ್ತಾರ. ಎಣ್ಣಿ ಮ್ಯಾಲೆ ಪೇಸ್ಟ್ ಹಿಡ್ಯಂಗಿಲ್ಲ, ಇಂಪೀಡೆನ್ಸ್ (ಕರೆಂಟಿಗೆ ಆಗೂ ತಡಿ) ಇಳ್ಯಂಗಿಲ್ಲ, ಅರ್ಧ ತಾಸಿನ ಮ್ಯಾಲೆ ಒಂದೊಂದ ಎಲೆಕ್ಟ್ರೋಡ್ ಸಡಲ ಆಗ್ತಾವು. ಹಂಗ ಸಡಲ ಆದಾಗ ಸ್ಕ್ರೀನ್ ಮ್ಯಾಲೆ ಒಂದ ಚಾನೆಲ್‌ನ್ಯಾಗ ಪಟ್ ಅಂತ ಚೂಪಗೆ ಮ್ಯಾಲೆ ಹೋಗ್ತೈತಿ, ನಾವು ಪಾಪ್ ಅಂತೀವಿ ಅದಕ್ಕ. ನಿನ್ನ ಕಂಪ್ಯೂಟರಿಗೆ ಅದು ಸ್ಪೈಕ್ (ಫಿಟ್ಸ್ ರೋಗದ ಚೂಪ ಅಲಿ) ಕಂಡಂಗ ಕಾಣ್ತೈತಿ. ಗುರುತು ಏನಂದ್ರ, ಮಿದುಳಿಂದ ಬಂದಿದ್ದು ಆಜೂಬಾಜೂ ಎಲೆಕ್ಟ್ರೋಡ್‌ನ್ಯಾಗೂ ಸ್ವಲ್ಪ ಕಾಣಬೇಕು, ಪಾಪ್ ಒಂದ ಎಲೆಕ್ಟ್ರೋಡಿಗೆ ಅಂಟ್ಕೊಂಡಿರ್ತೈತಿ.

ಆಮ್ಯಾಲೆ ಬಿಸ್ಕೀಟ್ ತಿನ್ನೂದು. ಉದ್ದ ರೆಕಾರ್ಡಿಂಗ್ ಇದ್ದಾಗ ಊಟ ತಿಂಡಿ ಎಲ್ಲಾ ಅಲ್ಲೇ ಆಗಬೇಕಲ್ಲ, ಜಗಿಯೂವಾಗ ಕಿವಿ ಮ್ಯಾಲಿನ ಎಲೆಕ್ಟ್ರೋಡ್‌ನ್ಯಾಗ ಕರ್ರಗ ಸ್ನಾಯುದ ಗದ್ದಲ, ನಿಂತು ನಿಂತು ತಾಳ ಹಾಕಿದಂಗ ಬರ್ತೈತಿ. ಹಲ್ಲು ಉಜ್ಜೂದು ಇನ್ನೂ ಕೆಟ್ಟದ್ದು, ಥೇಟ್ ಫಿಟ್ಸ್. ಎಲ್ಲಕ್ಕಿಂತ ಮೋಸ ಮಾಡೂದು ಕೂಸುಗಳದು. ಕೂಸು ಅಳಾಕ ಹತ್ತಿದ್ರ ಅವ್ವ ಮಗ್ಗಲಿಗೆ ಹಾಕ್ಕೊಂಡು ಬೆನ್ನು ತಟ್ಟತಾಳ. ತಟ್ಟೂದು ಒಂದ ವೇಗದಾಗ, ಸೆಕೆಂಡಿಗೆ ಎರಡೋ ಮೂರೋ, ಹಿಂದಿನ ಎಲೆಕ್ಟ್ರೋಡ್‌ನ್ಯಾಗ ಅಲಿ ಹಂಗ ಶುರು ಆಗಿ, ಜೋರ್ ಆಗಿ, ಕೂಸು ಮಲಗಿದ ಮ್ಯಾಲೆ ಮೆಲ್ಲಕ ನಿಲ್ತೈತಿ. ಬರೇ ಗೆರಿ ನೋಡಿದವರು ಫಿಟ್ಸ್ ಅಂತನ ಬರೀತಾರ. ವಿಡಿಯೋ ಹಚ್ಚಿ ನೋಡಿದ್ರ ಅವ್ವನ ಕೈ. ಅದಕ್ಕ ನಾವು ಕುಂತಲ್ಲೇ ಟೈಪ್ ಮಾಡ್ತಿರ್ತೀವಿ, "ತಾಯಿ ತಟ್ಟುತ್ತಿದ್ದಾರೆ", "ಕೆಮ್ಮು", "ಕಣ್ಣು ಮುಚ್ಚಿದ" ಅಂತ. ನಿಮ್ಮ ಅಮೆರಿಕಾದ ಫೈಲಿನ ಜೋಡಿ ವಿಡಿಯೋ ಬರ್ತೈತೇನು?

—

ಬೆಣ್ಣೆದೋಸೆ_ಡೇಟಾ:

ಅಕ್ಕ, ವಿಡಿಯೋ ಇಲ್ಲ. ಬರೀ ಇಡಿಎಫ್ ಫೈಲು (ಇಇಜಿ ಸಿಗ್ನಲ್ ಇಡೋ ಫೈಲು), ಫಿಟ್ಸ್ ಶುರು-ಕೊನೆ ಸೆಕೆಂಡು ಬರ್ದಿರೋ ಒಂದು ಟೆಕ್ಸ್ಟ್ ಫೈಲು. ತಟ್ಟೋ ಕಥೆ ಓದಿ ಇಬ್ರೂ ದಂಗಾದ್ವಿ, ಆ ಡೇಟಾದಲ್ಲಿ ಒಂದೂವರೆ ವರ್ಷದ ಮಗುನೂ ಇದೆ.

ಒಂದು ಡೌಟು, ಇವೆಲ್ಲ ಫಿಲ್ಟರ್ ಹಾಕಿ ತೆಗೆಯೋಕಾಗಲ್ವಾ? ನಾವು 50 ಹರ್ಟ್ಝ್ ನಾಚ್ (ಆ ಒಂದು ಫ್ರೀಕ್ವೆನ್ಸಿ ಮಾತ್ರ ತೆಗೆಯೋ ಫಿಲ್ಟರು) ಹಾಕಿದ್ವಿ, ಬೇಕಿದ್ರೆ 30ಕ್ಕೇ ಕಟ್ ಮಾಡಿದ್ರೆ ಸ್ನಾಯುದೆಲ್ಲ ಹೋಗ್ಬೇಕಲ್ಲ?

—

ಫೋರಿಯರ್_ಗೌಡ:

50 ನಮ್ ಕರೆಂಟು ಮಾರಾಯ, ಬಾಸ್ಟನ್‌ಲಿ 60. ನಿನ್ ನಾಚ್ ಅಲ್ಲಿ ಏನೂ ಇಲ್ಲದ ಜಾಗದಲ್ಲಿ ಗುಂಡಿ ತೋಡ್ತಾ ಕೂತಿದೆ.

30ಕ್ಕೆ ಕಟ್ ಮಾಡಿದ್ರೆ ಸ್ನಾಯು ಹೋಗಲ್ಲ, ವೇಷ ಹಾಕ್ಕೊಳ್ಳುತ್ತೆ. ಸ್ನಾಯುವಿನ ಸಿಗ್ನಲ್ಲು 20ರಿಂದ ನೂರಾರು ಹರ್ಟ್ಝ್ ತನಕ ಹರಡಿರುತ್ತೆ, ಮೇಲಿಂದು ಕತ್ತರಿಸಿದ್ರೆ ಉಳಿದದ್ದು ಬೀಟಾ ಅಲೆ (ಮಿದುಳಿನ ಒಂದು ವೇಗದ ಅಲೆ) ಥರಾನೋ ಸಣ್ಣ ಸ್ಪೈಕ್ ಥರಾನೋ ಕಾಣುತ್ತೆ. ಮೇಲಿನ ಫ್ರೀಕ್ವೆನ್ಸಿ ಇಟ್ಕೊಂಡಿದ್ರೆ ಮಾಡೆಲ್‌ಗೆ "ಓ ಇದು ಸ್ನಾಯು" ಅಂತ ಗೊತ್ತಾಗೋ ಚಾನ್ಸ್ ಇತ್ತು, ನೀನೇ ಆ ಸುಳಿವು ಅಳಿಸಿ ಕೊಟ್ಟಂಗಾಯ್ತು. ಕಣ್ಣು ಮಿಟುಕೋದಕ್ಕೆ ಐಸಿಎ (ಕಲಸಿದ ಸಿಗ್ನಲ್ ಬಿಡಿಸೋ ಲೆಕ್ಕ) ಹಾಕಿ ತೆಗೀಬೋದು, ಚೆನ್ನಾಗೇ ತೆಗೆಯುತ್ತೆ, ಆದ್ರೆ ತಟ್ಟೋದು ಜಗಿಯೋದು ಅಷ್ಟು ಸುಲಭಕ್ಕೆ ಬಗ್ಗಲ್ಲ. ನನ್ ಅಭಿಪ್ರಾಯದಲ್ಲಿ ತೆಗೆಯೋಕೆ ಒದ್ದಾಡೋದಕ್ಕಿಂತ ಅಂಥ ವಿಂಡೋಗಳನ್ನ "ಫಿಟ್ಸ್ ಅಲ್ಲ" ಅಂತ ಬೇಕಾದಷ್ಟು ತೋರ್ಸಿ ಟ್ರೇನ್ ಮಾಡೋದು ಮೇಲು. ಸಮ ಸಮ ತಗೊಳ್ಳೋ ಹೆಸ್ರಲ್ಲಿ ನೀವು ಅವನ್ನೇ ಎಸೆದಿದ್ದೀರಿ, ಗಂಟೆಗಟ್ಟಲೆ ಊಟ ನಿದ್ದೆ ಅಳು ಎಲ್ಲಾ ಬಿಟ್ಟು ಎಲ್ಲೋ ನಾಲ್ಕು ಶಾಂತವಾದ ಜಾಗ ಎತ್ಕೊಂಡಿರ್ತೀರಿ. ಮಾಡೆಲ್ಲು ಟೆಸ್ಟ್ ದಿನವೇ ಮೊದಲ ಸಲ ಹಲ್ಲುಜ್ಜೋದು ನೋಡಿದ್ರೆ ಪಾಪ ಅದಾದ್ರೂ ಏನ್ ಮಾಡುತ್ತೆ.

—

ನ್ಯೂರೋ_ನೈಟ್‌ಡ್ಯೂಟಿ:

ನ್ಯೂರಾಲಜಿ ಡಿಎಂ ಮಾಡ್ತಿದೀನಿ. ಥ್ರೆಡ್ ಚೆನ್ನಾಗಿದೆ, ಒಂದು ವಿಷ್ಯ ಮಾತ್ರ ಯಾರೂ ಎತ್ತಿಲ್ಲ ಅಂತ ಬರೀತಿದೀನಿ. ನೀವು ಮಾಡ್ತಿರೋದು ಫಿಟ್ಸ್ ನಡೀತಿರೋ ಹೊತ್ತನ್ನ ಹಿಡಿಯೋದು. ಅದು ಐಸಿಯುಗೆ, ವಿಡಿಯೋ ಇಇಜಿ ವಾರ್ಡಿಗೆ ತುಂಬಾ ಬೇಕು, ಅದ್ರಲ್ಲೂ ಮೈ ಅಲ್ಲಾಡದೆ ಮಿದುಳಲ್ಲಿ ಮಾತ್ರ ನಡೆಯೋ ಫಿಟ್ಸ್ ಇರ್ತಾವಲ್ಲ, ಅವು ಇಇಜಿ ಇಲ್ದೆ ಯಾರಿಗೂ ಗೊತ್ತಾಗಲ್ಲ. ಆದ್ರೆ ನಮ್ಮ ಓಪಿಡಿಗೆ ಬರೋ ಜನಕ್ಕೆ ಮಾಡೋದು ಇಪ್ಪತ್ತು ಮೂವತ್ತು ನಿಮಿಷದ ಇಇಜಿ, ಅಷ್ಟರೊಳಗೆ ಫಿಟ್ಸ್ ಬರೋದು ಅಪರೂಪ. ಅಲ್ಲಿ ನಾವು ಹುಡುಕೋದು ಎರಡು ಫಿಟ್ಸ್ ನಡುವೆ ಮಿದುಳು ಬಿಟ್ಟುಕೊಡೋ ಗುರುತನ್ನ, ಅಂದ್ರೆ ಸ್ಪೈಕು ಮತ್ತು ಶಾರ್ಪ್ ವೇವು. 20ರಿಂದ 70 ಮಿಲಿಸೆಕೆಂಡ್ ಇದ್ರೆ ಸ್ಪೈಕ್, 70ರಿಂದ 200 ಆದ್ರೆ ಶಾರ್ಪ್ ವೇವ್. ಚೂಪಾಗಿದ್ರೆ ಸಾಲ್ದು, ಹಿಂದೆ ಒಂದು ನಿಧಾನದ ಅಲೆ ಬರ್ಬೇಕು, ಸುತ್ತಲಿನ ಬ್ಯಾಕ್‌ಗ್ರೌಂಡ್ ಕದಡಿರ್ಬೇಕು, ಅಕ್ಕ ಹೇಳಿದ ಹಾಗೆ ಪಕ್ಕದ ಎಲೆಕ್ಟ್ರೋಡ್‌ಗಳಲ್ಲಿ ಹರಡಿರೋ ರೀತಿ ಮಿದುಳಿನ ಮೂಲಕ್ಕೆ ಹೊಂದ್ಬೇಕು.

ಇದನ್ನ ಹೇಳೋಕೆ ಕಾರಣ ಇದೆ. ನಿದ್ದೆ ಮಂಪರಲ್ಲಿ ಆರೋಗ್ಯವಂತರಲ್ಲೂ ಚೂಪಾದ ಅಲೆ ಬೇಕಾದಷ್ಟು ಬರ್ತಾವೆ, ನಡುನೆತ್ತಿಯ ವರ್ಟೆಕ್ಸ್ ವೇವು, ಕಿವಿ ಹತ್ರದ ವಿಕೆಟ್ ಸ್ಪೈಕು. ಅವನ್ನ ನೋಡಿ "ಎಪಿಲೆಪ್ಸಿ" ಅಂತ ರಿಪೋರ್ಟ್ ಬರೆದುಬಿಟ್ರೆ ಆ ಮನುಷ್ಯ ವರ್ಷಗಟ್ಟಲೆ ಬೇಡದ ಮಾತ್ರೆ ನುಂಗ್ತಾನೆ, ಡ್ರೈವಿಂಗ್ ಹೋಯ್ತು, ನಮ್ಮಲ್ಲಿ ಹುಡುಗಿಯಾದ್ರೆ ಮದ್ವೆ ಮಾತುಕತೆನೂ ಹೋಯ್ತು. ಸುಳ್ಳು ಅಲಾರಂ ಅಂದ್ರೆ ನಿಮ್ಗೆ ಒಂದು ನಂಬರ್ರು, ಓಪಿಡಿಲಿ ಅದು ಹೀಗಿರುತ್ತೆ.

ಇನ್ನೊಂದು ಕಡೆನೂ ಇದೆ. ಇಇಜಿ ನಾರ್ಮಲ್ ಬಂತು ಅಂದ್ರೆ ಎಪಿಲೆಪ್ಸಿ ಇಲ್ಲ ಅಂತಲ್ಲ. ಮಿದುಳಿನ ಮೇಲ್ಪದರದಲ್ಲಿ ಸುಮಾರು 10 ಚದರ ಸೆಂಟಿಮೀಟರ್ ಜಾಗ ಒಟ್ಟಿಗೆ ಮಿಡಿದ್ರೆ ಮಾತ್ರ ಮೂಳೆ ಚರ್ಮ ದಾಟಿ ಹೊರಗಿನ ಎಲೆಕ್ಟ್ರೋಡಿಗೆ ಕಣ್ಣಿಗೆ ಕಾಣೋ ಸ್ಪೈಕ್ ಬರೋದು, ಅದಕ್ಕಿಂತ ಚಿಕ್ಕದು, ಆಳದ್ದು, ಎಲ್ಲಾ ಒಳಗೇ ಉಳ್ಕೊಳ್ಳುತ್ತೆ. ನಮ್ಮ ಕರ್ನಾಟಕದ್ದೇ ಉದಾಹರಣೆ ಹೇಳ್ತೀನಿ. ತಲೆಗೆ ಬಿಸಿನೀರು ಹುಯ್ಕೊಂಡಾಗ ಬರೋ ಫಿಟ್ಸ್, ಹಾಟ್ ವಾಟರ್ ಎಪಿಲೆಪ್ಸಿ, ಜಗತ್ತಲ್ಲಿ ಎಲ್ಲಕ್ಕಿಂತ ಜಾಸ್ತಿ ವರದಿಯಾಗಿರೋದು ದಕ್ಷಿಣ ಭಾರತದಿಂದ, ಅದ್ರಲ್ಲೂ ಬೆಂಗಳೂರು ಮೈಸೂರು ಸುತ್ತಮುತ್ತ. 1960ರ ದಶಕದಲ್ಲೇ ಬೆಂಗಳೂರಿನ ಡಾ. ಕೆ. ಎಸ್. ಮಣಿ ಮತ್ತು ಅವರ ಜೊತೆಯವರು ಬರೆದಿದ್ರು, ಆಮೇಲೆ ನಿಮ್ಹಾನ್ಸ್‌ಲಿ ಡಾ. ಪಿ. ಸತೀಶ್ಚಂದ್ರ ಅವ್ರ ತಂಡ ತುಂಬಾ ಕೆಲ್ಸ ಮಾಡಿದೆ. ಈ ಪೇಷಂಟ್‌ಗಳಲ್ಲಿ ಹೆಚ್ಚಿನವ್ರಿಗೆ ಸುಮ್ನೆ ಇದ್ದಾಗ ತೆಗೆದ ಇಇಜಿ ನಾರ್ಮಲ್ಲೇ ಇರುತ್ತೆ. ಬಿಸಿನೀರಿಗೆ ಹಂಡೆ, ನೆತ್ತಿ ಮೇಲೆ ಚೊಂಬು ಚೊಂಬಾಗಿ ಸುರ್ಕೊಳ್ಳೋದು, ಇದನ್ನ ಕೇಳಿ ತಿಳ್ಕೊಂಡೇ ಡಯಾಗ್ನೋಸಿಸ್. ಅಲ್ಲಿ ಎಂಥ ನ್ಯೂರಲ್ ನೆಟ್‌ವರ್ಕ್ ಹಾಕಿದ್ರೂ ಸಿಗ್ನಲ್‌ಲೇ ಇಲ್ಲದ್ದನ್ನ ತೆಗೆಯೋಕಾಗಲ್ಲ.

ಲೇಬಲ್ ಬಗ್ಗೆನೂ ಒಂದ್ಮಾತು. ನೀವು "ಸರಿಯಾದ ಉತ್ರ" ಅಂತ ತಗೊಳ್ಳೋದು ಯಾರೋ ಡಾಕ್ಟ್ರು ಗೆರೆ ಎಳೆದಿದ್ದು. ಫಿನ್‌ಲ್ಯಾಂಡ್‌ನ ಹೆಲ್ಸಿಂಕಿಯವ್ರು 2019ರಲ್ಲಿ 79 ನವಜಾತ ಶಿಶುಗಳ ಇಇಜಿ ಬಿಟ್ಟಿದ್ದಾರೆ, ಪ್ರತಿಯೊಂದನ್ನೂ ಮೂವರು ತಜ್ಞರು ಬೇರೆ ಬೇರೆ ಕೂತು ಗುರುತು ಹಾಕಿದ್ದು, ಮೂವರದ್ದೂ ಫೈಲ್ ಇದೆ. 39 ಮಕ್ಕಳಿಗೆ ಫಿಟ್ಸ್ ಇದೆ ಅಂತ ಮೂವರೂ ಒಪ್ಪಿದ್ರು, 22 ಮಕ್ಕಳಿಗೆ ಇಲ್ಲ ಅಂತ ಮೂವರೂ ಒಪ್ಪಿದ್ರು. ಉಳಿದ 18 ಮಕ್ಕಳಲ್ಲಿ ಒಂದಾದ್ರೂ ಫಿಟ್ಸ್ ಇದ್ಯೋ ಇಲ್ವೋ ಅನ್ನೋದ್ರಲ್ಲೇ ಒಮ್ಮತ ಇಲ್ಲ. ತಜ್ಞರೇ ಅಷ್ಟು ಬೇರೆ ಬೇರೆ ಹೇಳೋವಾಗ ಮಾಡೆಲ್ಲು 99.6 ಅಂದ್ರೆ ನಂಗೆ ಖುಷಿಗಿಂತ ಅನುಮಾನ ಜಾಸ್ತಿ.

ಹಾಗಂತ ಈ ಕ್ಷೇತ್ರನೇ ದಂಡ ಅಂತಲ್ಲ. ಸ್ಪೈಕ್ ಹುಡುಕೋಕೆ 2020ರಲ್ಲಿ ಸ್ಪೈಕ್‌ನೆಟ್ ಬಂತು, 2023ರಲ್ಲಿ ಸ್ಕೋರ್-ಎಐ ಅಂತ ಬಂತು, 30 ಸಾವಿರಕ್ಕೂ ಮೇಲೆ ಇಇಜಿ ಮೇಲೆ ಕಲಿಸಿ, ಬೇರೆ ಆಸ್ಪತ್ರೆಗಳ ರೆಕಾರ್ಡಿಂಗ್ ಮೇಲೆ ಹಲವು ತಜ್ಞರ ಜೊತೆ ಹೋಲಿಸಿ ನೋಡಿದ್ದು. ನಂಗೆ ನಂಬಿಕೆ ಬರೋದು ಆ ಥರ ಹೋಲಿಕೆ ನೋಡಿದಾಗ.

—

ಅರಸೀಕೆರೆ_ಜಂಕ್ಷನ್:

ನಡುವೆ ಬಾಯಿ ಹಾಕ್ತಿದೀನಿ ಕ್ಷಮ್ಸಿ. ನನ್ ತಮ್ಮಂಗೆ ಫಿಟ್ಸ್ ಇದೆ, ಮಾತ್ರೆ ತಗೋತಾನೆ, ಆದ್ರೂ ಆಗೊಮ್ಮೆ ಈಗೊಮ್ಮೆ ರಾತ್ರಿ ಬರುತ್ತೆ. ಈ ಕಂಪ್ಯೂಟರ್ ಡಿಟೆಕ್ಷನ್ ಎಲ್ಲಾ ಓದ್ತಾ ಇದ್ರೆ ಮನೇಲಿ ಹಾಕ್ಕೊಳ್ಳೋ ಥರ ಟೋಪಿನೋ ವಾಚೋ ಇದ್ಯಾ, ಬರೋಕೆ ಮುಂಚೆನೇ ಹೇಳುತ್ತಾ ಅಂತ ಕೇಳೋಣ ಅನ್ನಿಸ್ತು. ಅಮ್ಮ ಇವತ್ತಿಗೂ ಅವನ ಪಕ್ಕನೇ ಮಲಗೋದು.

—

ನ್ಯೂರೋ_ನೈಟ್‌ಡ್ಯೂಟಿ:

ಬಾಯಿ ಹಾಕೋದೇನು, ಇದೆಲ್ಲ ಮಾಡೋದೇ ನಿಮ್ ತಮ್ಮನಂಥವ್ರಿಗೆ. ಈ ಥ್ರೆಡ್‌ಲಿ ಮಾತಾಡ್ತಿರೋದು ಫಿಟ್ಸ್ ಶುರುವಾದ ಮೇಲೆ ಗುರುತು ಹಿಡಿಯೋದು. ಬರೋಕೆ ಮುಂಚೆ ಹೇಳೋದು ಬೇರೆ, ತಲೆ ಮೇಲಿನ ಇಇಜಿಯಿಂದ ಮನೇಲಿ ನಂಬಿಕೊಂಡು ಮಲಗೋ ಮಟ್ಟಕ್ಕೆ ಅದು ಬಂದಿಲ್ಲ, ಜಾಹೀರಾತು ನೋಡಿ ದುಡ್ಡು ಹಾಕ್ಬೇಡಿ. ಕೈಗೆ ಕಟ್ಟೋ ವಾಚ್ ಥರದ್ದು ಇದೆ, 2018ರಲ್ಲಿ ಅಮೆರಿಕದ ಎಫ್‌ಡಿಎ ಒಂದಕ್ಕೆ ಒಪ್ಪಿಗೆ ಕೊಟ್ಟಿದೆ, ಆದ್ರೆ ಅದು ಇಇಜಿ ನೋಡಲ್ಲ, ಕೈ ಅದರೋದು ಮತ್ತು ಚರ್ಮದ ಬೆವರಿನ ಬದಲಾವಣೆ ನೋಡಿ ಮೈಯೆಲ್ಲ ಅದರೋ ದೊಡ್ಡ ಫಿಟ್ಸ್ ಬಂದಾಗ ಮನೆಯವ್ರಿಗೆ ಮೆಸೇಜ್ ಕಳಿಸುತ್ತೆ. ಸುಮ್ನೆ ದಿಟ್ಟಿಸಿ ನೋಡ್ತಾ ನಿಂತ್ಕೊಳ್ಳೋ ಥರದ್ದು ಅದಕ್ಕೆ ಗೊತ್ತಾಗಲ್ಲ.

ಅಮ್ಮನಿಗೆ ಹೇಳಿ, ಬಂದಾಗ ಒಂದು ಮಗ್ಗುಲಿಗೆ ತಿರುಗಿಸಿ, ಬಾಯೊಳಗೆ ಚಮಚ ಬಟ್ಟೆ ಏನೂ ತುರುಕಬೇಡಿ, ಕೈಗೆ ಕಬ್ಬಿಣ ಕೀಗೊಂಚಲು ಕೊಟ್ರೆ ಏನೂ ಉಪಯೋಗ ಇಲ್ಲ, ಗಡಿಯಾರ ನೋಡಿ, 5 ನಿಮಿಷ ದಾಟಿದ್ರೆ ತಕ್ಷಣ ಆಸ್ಪತ್ರೆಗೆ. ಆಗೋಕಾದ್ರೆ ಮೊಬೈಲ್‌ಲಿ ವಿಡಿಯೋ ಮಾಡಿ, ನಿಮ್ ಡಾಕ್ಟ್ರಿಗೆ ಅದು ಎಷ್ಟೋ ಸಲ ಇಇಜಿಗಿಂತ ಹೆಚ್ಚು ಹೇಳುತ್ತೆ. ಮಾತ್ರೆ ತಗೊಂಡೂ ಬರ್ತಿದೆ ಅಂದ್ರೆ ಡೋಸ್ ವಿಷ್ಯ ಮುಂದಿನ ವಿಸಿಟ್ ತನಕ ಕಾಯದೆ ಮಾತಾಡಿ.

—

ಅರಸೀಕೆರೆ_ಜಂಕ್ಷನ್:

ತುಂಬಾ ಥ್ಯಾಂಕ್ಸ್ ಡಾಕ್ಟ್ರೇ. ಕೀಗೊಂಚಲು ನಮ್ಮನೇಲಿ ದಿಂಬಿನ ಕೆಳಗೇ ಇರುತ್ತೆ 😅

—

ಬೆಣ್ಣೆದೋಸೆ_ಡೇಟಾ:

ಎಲ್ರಿಗೂ ಥ್ಯಾಂಕ್ಸ್, ಇಷ್ಟು ಉತ್ರ ಬರುತ್ತೆ ಅಂದ್ಕೊಂಡಿರ್ಲಿಲ್ಲ. ಈಗ ಸಿಎಚ್‌ಬಿ ಮೇಲೇ ಪೇಷಂಟ್ ಹೊರಗಿಟ್ಟು ಮಾಡೋದು ಅಂತ ತೀರ್ಮಾನ ಮಾಡಿದೀವಿ, ಬಾನ್ ರಿಸಲ್ಟು ಅಪೆಂಡಿಕ್ಸ್‌ಗೆ ತಳ್ತೀವಿ. ಗೌಡ್ರೆ, ಒಂದೊಂದು ವಿಂಡೋ ಲೆಕ್ಕ ಬಿಟ್ಟು ಫಿಟ್ಸ್ ಲೆಕ್ಕಕ್ಕೆ ಹೇಗೆ ಬರೋದು? 10 ಸೆಕೆಂಡ್ ಫಿಟ್ಸ್‌ಲಿ 2 ಸೆಕೆಂಡ್ ಹಿಡಿದ್ರೆ ಹಿಡಿದಂಗಾ ಬಿಟ್ಟಂಗಾ?

—

ಫೋರಿಯರ್_ಗೌಡ:

ಒಳ್ಳೆ ಪ್ರಶ್ನೆ, ಇಲ್ಲೇ ಎಲ್ರೂ ಜಾರೋದು. ಸಾಮಾನ್ಯವಾಗಿ ಸ್ವಲ್ಪ ತಾಗಿದ್ರೂ ಹಿಡಿದಂಗೆ ಅಂತ ಲೆಕ್ಕ. ಆದ್ರೆ ಅದೊಂದನ್ನೇ ಹೇಳಿದ್ರೆ ರಾತ್ರಿಯಿಡೀ ಒಂದೇ ಉದ್ದದ ಫಿಟ್ಸ್ ಅಂದ ಮಾಡೆಲ್‌ಗೂ 100ಕ್ಕೆ 100, ಅದಕ್ಕೇ ಪಕ್ಕದಲ್ಲಿ 24 ಗಂಟೆಗೆ ಎಷ್ಟು ಸುಳ್ಳು ಅಲಾರಂ, ಒಂದು ಅಲಾರಂ ಎಷ್ಟು ಹೊತ್ತು ಹೊಡ್ಕೊಳ್ತು, ಇವೆರಡೂ ಇರ್ಲೇಬೇಕು. ಇದಕ್ಕೆಲ್ಲ ಒಂದೇ ನಿಯಮ ಇರ್ಲಿ ಅಂತ 2024ರಲ್ಲಿ ಎಸ್‌ಝಡ್‌ಕೋರ್ ಅನ್ನೋ ಚೌಕಟ್ಟು ಬಂದಿದೆ, ಕೋಡ್ ಓಪನ್ ಇದೆ, ಅದನ್ನೇ ತಗೊಂಡು ಸ್ಕೋರ್ ಹಾಕು, ವೈವಾದಲ್ಲಿ ವಾದ ಮಾಡೋ ಗೋಜಿಲ್ಲ.

ಅಲಾರಂ ಕಮ್ಮಿ ಮಾಡೋಕೆ ದೊಡ್ಡ ಮಾಡೆಲ್ ಬೇಡ. ಒಂದು ವಿಂಡೋ ಹೌದು ಅಂದ ಕೂಡ್ಲೆ ಹೊಡೀಬೇಡ, ಹಿಂದಿನ ಕೆಲವು ವಿಂಡೋಗಳಲ್ಲಿ ಹೆಚ್ಚಿನವು ಹೌದು ಅಂದ್ರೆ ಮಾತ್ರ ಹೊಡಿ, ಹತ್ರ ಹತ್ರ ಬಂದ ಅಲಾರಂ ಸೇರಿಸಿ ಒಂದು ಮಾಡು. ಸುಳ್ಳು ಅಲಾರಂ ದಡಕ್ಕನೆ ಇಳಿಯುತ್ತೆ. ಬೆಲೆ ಏನಂದ್ರೆ ಪತ್ತೆ ತಡ ಆಗುತ್ತೆ, ತೀರಾ ಚಿಕ್ಕ ಫಿಟ್ಸ್ ತಪ್ಪಿ ಹೋಗುತ್ತೆ, ಸಿಎಚ್‌ಬಿ 16ರಲ್ಲಿ ಹತ್ತು ಸೆಕೆಂಡೂ ಇಲ್ಲದ ಫಿಟ್ಸ್ ಇದಾವೆ, ಅಲ್ಲಿ ನೋಡು ಏನಾಗುತ್ತೆ ಅಂತ. ಇದು ನಾವು ಕಂಡುಹಿಡಿದಿದ್ದಲ್ಲ, 1982ರಲ್ಲಿ ಮಾಂಟ್ರಿಯಲ್‌ನ ಜೀನ್ ಗಾಟ್‌ಮನ್ ಅವ್ರು ಅಲೆಯ ಎತ್ತರ, ಅಗಲ, ತಾಳ ಎಷ್ಟು ಸಮವಾಗಿದೆ ಅನ್ನೋದನ್ನ ಅಳೆದು ಡಿಟೆಕ್ಟರ್ ಮಾಡಿದಾಗ್ಲೂ ಇದೇ ತಕರಾರು, ಬಿಗಿ ಮಾಡಿದ್ರೆ ತಪ್ಪುತ್ತೆ, ಸಡಿಲ ಬಿಟ್ರೆ ಬಡ್ಕೊಳ್ಳುತ್ತೆ.

ಚಾನೆಲ್ ಹೆಸ್ರು ನೋಡ್ಕೊ, ಟಿ8-ಪಿ8 (ಎರಡು ಎಲೆಕ್ಟ್ರೋಡ್ ಜೋಡಿಯ ಚಾನೆಲ್ಲು) ಅನ್ನೋದು ಎರಡು ಸಲ ಬರುತ್ತೆ, ಒಂದನ್ನ ತೆಗಿ. ಸಿಎಚ್‌ಬಿ 12ರಲ್ಲಿ ನಡುವೆ ಮಾಂಟಾಜೇ (ಎಲೆಕ್ಟ್ರೋಡ್ ಜೋಡಿಸೋ ಕ್ರಮ) ಬದಲಾಗುತ್ತೆ, ಕಾಲಂ ನಂಬರ್ ನಂಬ್ಕೊಂಡು ಓದಿದ್ರೆ ಹಣೆದನ್ನ ಹಿಂದ್ಲೆ ಅಂತ ತಿಳ್ಕೊಂಡು ಮಾಡೆಲ್ ಕಲಿಯುತ್ತೆ. ಎತ್ತರ ಒಬ್ಬೊಬ್ಬರಲ್ಲಿ ಒಂದೊಂದು ಥರ, ಅದಕ್ಕೆ ಆಯಾ ಪೇಷಂಟ್‌ನ ಮೊದಲ ಕೆಲವು ನಿಮಿಷದ ಬ್ಯಾಕ್‌ಗ್ರೌಂಡ್ ಇಟ್ಕೊಂಡು ಅಳತೆ ಹೊಂದಿಸ್ಕೊ. ಟೈಮಿದ್ರೆ ಫಿಲಡೆಲ್ಫಿಯಾದ ಟೆಂಪಲ್ ಯೂನಿವರ್ಸಿಟಿ ಆಸ್ಪತ್ರೆ ಡೇಟಾಗೆ ಫಾರ್ಮ್ ತುಂಬಿ ಕಳ್ಸು, ಅದ್ರಲ್ಲಿ ದೊಡ್ಡವರ ಇಇಜಿ, ಐಸಿಯು ಗಲೀಜು ಎಲ್ಲಾ ಇದೆ, ಮಕ್ಕಳ ಮೇಲೆ ಕಲ್ತ ಮಾಡೆಲ್‌ನ ಒಂದು ಅಕ್ಷರ ಬದಲಾಯಿಸ್ದೆ ಅಲ್ಲಿ ಓಡ್ಸು. ಕೆಟ್ಟದಾಗಿ ಬರುತ್ತೆ, ಬರ್ಲಿ, ಹಾಕು.

ಗೈಡ್ ವಿಷ್ಯಕ್ಕೆ: ಅವ್ರ ಜೊತೆ ಜಗಳ ಬೇಡ. ಒಂದೇ ಟೇಬಲ್‌ಲಿ ಶಫಲ್ ಮಾಡಿದ ನಂಬರು, ಪೇಷಂಟ್ ಹೊರಗಿಟ್ಟ ನಂಬರು ಪಕ್ಕಪಕ್ಕ ಹಾಕಿ, ಕೆಳಗೆ ಯಾಕೆ ವ್ಯತ್ಯಾಸ ಅಂತ ಅರ್ಧ ಪುಟ ಬರಿ. 99ನೂ ಇದ್ದಂಗಾಯ್ತು, ಅದು ಯಾಕೆ ಬಂತು ಅನ್ನೋದೂ ಇದ್ದಂಗಾಯ್ತು.

—

ಬೆಣ್ಣೆದೋಸೆ_ಡೇಟಾ:

ಆ ಟೇಬಲ್ ಐಡಿಯಾ ಗೈಡ್‌ಗೆ ಹೇಳಿದ್ವಿ, "ನೋಡೋಣ" ಅಂದ್ರು, ನಮ್ ಕಾಲೇಜಲ್ಲಿ ಅದು ಮುಕ್ಕಾಲು ಒಪ್ಪಿಗೆ.

ಅಲಾರಂ ಹೊಡೆದ ಜಾಗಗಳನ್ನ ಒಂದೊಂದಾಗಿ ತೆಗೆದು ಗೆರೆ ನೋಡ್ತಾ ಕೂತಿದೀವಿ ಈಗ. ನಮ್ ಮಾಡೆಲ್ ಫಿಟ್ಸ್ ಅಂದಿದ್ರಲ್ಲಿ ತುಂಬಾ ಜಾಗದಲ್ಲಿ ಕಿವಿ ಹತ್ರದ ಎಫ್7-ಟಿ7, ಟಿ7-ಪಿ7 ಎರಡೇ ಚಾನೆಲ್ ಕರ್ರಗೆ, ನಿಂತು ನಿಂತು. ಅಕ್ಕ ಹೇಳಿದ ಬಿಸ್ಕೆಟ್ಟೇ ಇರ್ಬೇಕು. ಪಾರ್ಟ್‌ನರ್ ಹೇಳ್ತಾಳೆ ಇಲ್ಲೇ ನಮ್ಮೂರ ಒಬ್ರು ನ್ಯೂರಾಲಜಿಸ್ಟ್ ಪರಿಚಯ ಇದಾರೆ, ಕೇಳಿದ್ರೆ ನಾಲ್ಕೈದು ಇಡಿಎಫ್ ಫೈಲ್ ಕೊಡ್ಬೋದು, ನಮ್ಮ 50 ಹರ್ಟ್ಝ್ ಕರೆಂಟಿನ, ನಮ್ಮ ಕೊಬ್ಬರಿ ಎಣ್ಣೆ ತಲೆಯ ಡೇಟಾ ಮೇಲೂ ಒಂದ್ಸಲ ಓಡ್ಸಿ ನೋಡ್ಬೋದು ಅಂತ. ಪೆನ್‌ಡ್ರೈವ್ ತಗೊಂಡು ಹೋದ್ರೆ ಸಾಕಾ?

—

ನ್ಯೂರೋ_ನೈಟ್‌ಡ್ಯೂಟಿ:

ಪೆನ್‌ಡ್ರೈವ್ ಕೊನೆಗೆ. ಮೊದ್ಲು ಆಸ್ಪತ್ರೆಯ ಎಥಿಕ್ಸ್ ಕಮಿಟಿ ಒಪ್ಪಿಗೆ, ನಿಮ್ ಗೈಡ್ ಸಹಿ ಇರೋ ಅರ್ಜಿ. ಪರಿಚಯದ ಮೇಲೆ ಹಾಗೇ ಕೊಟ್ರೆ ಅವ್ರಿಗೂ ತೊಂದ್ರೆ ನಿಮ್ಗೂ ತೊಂದ್ರೆ. ಮತ್ತೆ ಇಡಿಎಫ್ ಫೈಲ್ ಶುರುವಲ್ಲೇ ಹೆಡರ್ ಇರುತ್ತೆ, ಮೊದಲ 8 ಬೈಟ್ ವರ್ಶನ್, ಆಮೇಲಿನ 80 ಬೈಟ್ ಪೇಷಂಟ್ ವಿವರ, ಹೆಸ್ರು ಹುಟ್ಟಿದ ತಾರೀಕು ಎಲ್ಲಾ ಅಲ್ಲೇ. ಫೈಲ್ ಹೆಸರು ಬದಲಾಯಿಸಿದ್ರೆ ಅದು ಹೋಗಲ್ಲ. ಆಸ್ಪತ್ರೆಯಿಂದ ಹೊರಗೆ ಬರೋ ಮುಂಚೆ ಅಲ್ಲೇ ಅಳಿಸಿ ಕೊಡೋಕೆ ಹೇಳಿ, ನೀವು ಮನೆಗೆ ತಂದು ಅಳಿಸ್ತೀವಿ ಅನ್ಬೇಡಿ.

—

ಮಾಂಟಾಜ್_ಅಕ್ಕ:

ಹೆಡರ್ ಅಷ್ಟ ಅಲ್ಲ ತಮ್ಮಾ, ಅನೋಟೇಶನ್ ಚಾನೆಲ್ಲೂ ನೋಡಾಕ ಹೇಳು. ನಾವು ಟೈಪ್ ಮಾಡೂವಾಗ "ಕಣ್ಣು ಮುಚ್ಚು" ಅಂತಷ್ಟ ಹೊಡ್ಯಂಗಿಲ್ಲ, ಕೂಸಿನ ಹೆಸರು ಹಿಡದು "ಇಂಥಾವ ಅಳಾಕ ಹತ್ಯಾನ, ಅವರಪ್ಪ ಒಳಗ ಬಂದ್ರು" ಅಂತ ಎಲ್ಲಾ ಹೊಡದಿರ್ತೀವಿ. ಆದ್ರ ಪೂರ್ತಿ ಅಳಸಿ ಕೊಟ್ರ ನಿನಗ ಉಪಯೋಗಿಲ್ಲ, ಹೆಸರು ತಗದು ಉಳದದ್ದು ಇಡ್ರಿ ಅನ್ನು, ತಟ್ಟಿದ್ದು ಜಗದದ್ದು ಕೆಮ್ಮಿದ್ದು ನಿನಗ ಬೇಕಾಗಿದ್ದು ಅಲ್ಲೇ ಐತಿ. ಮತ್ತ ಅಲ್ಲಿ ಟೆಕ್ನಿಷಿಯನ್ ಯಾರ ಅದಾರ ಅವರ ಜೋಡಿ ಒಂದ ಮಧ್ಯಾಹ್ನ ಕುಂದ್ರು, ಓಪಿಡಿ ಗದ್ದಲ ಮುಗದ ಮ್ಯಾಲೆ ಹೋಗು, ಮುಂಜಾನೆ ಹೋದ್ರ ಬೈಸ್ಕೊಂಡು ಬರ್ತಿ.